ಗುಟ್ಟಿನ ಗಿರಾಕಿಯ ಹದಿನೇಳನೆಯ ಪ್ರಶ್ನೆ

ಔಷಧಿ ಅಂಗಡಿಯವರ ಹೆಂಡತಿಗೆ ಆ ಬೀದಿಯಲ್ಲಿ ಪರವಾಗಿಲ್ಲಮ್ಮ ಎಂದೇ ಹೆಸರು. ಇಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಇಡಬಾರದಿತ್ತೆಂದು ಯಾರಿಗೂ ಅನ್ನಿಸಿಯೂ ಇಲ್ಲ. ಮೇಲಿನ ಮನೆಯ ಟೈಲರಮ್ಮ ಒಮ್ಮೆ ಇವರ ಕೋಟಿಗೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಕೂಡಿಸಿ ಹೊಲಿದುಕೊಟ್ಟಾಗ, "ಪರವಾಗಿಲ್ಲ ಬಿಡಿ, ಕೈ ಹಿಂದಕ್ಕೆ ಕಟ್ಕೊಂಡ್ರೆ ಗೊತ್ತಾಗಲ್ಲ" ಎಂದು ಒಂದು ಚಳಿಗಾಲ ಪೂರ್ತಿ ಪೊಲೀಸ್ ಅಧಿಕಾರಿಯ ಹಾಗೆ ಕೈ ಹಿಂದಕ್ಕೆ ಕಟ್ಟಿಕೊಂಡು ತರಕಾರಿ ತಂದಿದ್ದರು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಕ್ಷಮೆ ಕೇಳುತ್ತಿದ್ದವರು ಇವರೇ.

ಇಂಥವರು ಒಂದು ಬುಧವಾರ ಬೆಳಿಗ್ಗೆ, ಫೋನಿನಲ್ಲಿ ಕಂಡ ಒಂದು ಅರ್ಜಿಯಲ್ಲಿ, 'ದೂರು ಹೇಳುವುದರಲ್ಲಿ ಅನುಭವವಿದೆಯೇ?' ಎಂಬ ಪ್ರಶ್ನೆಯ ಮುಂದೆ 'ಇಪ್ಪತ್ತಾರು ವರ್ಷ' ಎಂದು ತುಂಬಿಬಿಟ್ಟರು. ಪೂರ್ತಿ ಸುಳ್ಳೆಂದು ಹೇಳಲಾಗದು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು, ಅಷ್ಟು ವರ್ಷವೂ ಗಂಡನ ಅಕ್ಕ ಹೇಳುವ ದೂರುಗಳನ್ನು ಅವರು ಕೇಳಿದ್ದರು. ಹೇಳುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸ ಅರ್ಜಿಯಲ್ಲಿ ನಮೂದಿಸುವಷ್ಟು ದೊಡ್ಡದಲ್ಲವೆಂದು ಅವರಿಗೆ ತೋರಿತು.

ಕೆಲಸದ ಹೆಸರು ಗುಟ್ಟಿನ ಗಿರಾಕಿ. ಹೋಟೆಲ್ ಮಾಲೀಕರಿಗೆ ತಮ್ಮ ಹೋಟೆಲಿನಲ್ಲಿ ತಾವಿಲ್ಲದಾಗ ಏನು ನಡೆಯುತ್ತದೆಂದು ತಿಳಿಯಬೇಕು. ಅದಕ್ಕೆ ಒಂದು ಕಂಪನಿಗೆ ಹೇಳುತ್ತಾರೆ. ಕಂಪನಿ, ನೋಡಿದರೆ ಯಾವ ಅನುಮಾನವೂ ಬಾರದಂಥ ಒಬ್ಬರನ್ನು ಊಟಕ್ಕೆ ಕಳಿಸುತ್ತದೆ. ಹೋದವರು ತಿಂದು, ಕಣ್ಣಾಡಿಸಿ, ಮನೆಗೆ ಬಂದು ನಲವತ್ತೆರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ತಾನು ಯಾರೆಂದು ಹೋಟೆಲಿನವರಿಗೂ ಹೇಳಕೂಡದು, ಮನೆಯವರಿಗೂ ಹೇಳಕೂಡದು. ಮೊದಲ ಮೂರು ಊಟ ಪರೀಕ್ಷೆ. ಪಾಸಾದರೆ ಕೆಲಸ ಖಾಯಂ.

ಪರವಾಗಿಲ್ಲಮ್ಮನಿಗೆ ಆ ಕೆಲಸ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಆಯ್ಕೆಯಾದ ಸುದ್ದಿ ಬಂದಾಗ ಅಡುಗೆಮನೆಯ ಬಾಗಿಲು ಹಾಕಿಕೊಂಡು ಐದು ನಿಮಿಷ ಸುಮ್ಮನೆ ನಿಂತಿದ್ದರು. ಆ ಮನೆಯಲ್ಲಿ ಅವರ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು: ರಕ್ತದೊತ್ತಡ, ಚಪ್ಪಲಿಯ ಅಳತೆ, ಯಾವಾಗ ಎಷ್ಟು ಸಲ ಸೀನುತ್ತಾರೆ ಎಂಬುದು. ಅವರಿಗೆ ಮಾತ್ರ ಗೊತ್ತಿದ್ದು ಬೇರೆಯವರಿಗೆ ಗೊತ್ತಿಲ್ಲದ ವಿಷಯವೆಂದರೆ ಇದೊಂದೇ.

ಮೊದಲ ಹೋಟೆಲು ಮುಖ್ಯರಸ್ತೆಯಲ್ಲಿತ್ತು. ಬೀದಿಗೆ ದೊಡ್ಡ ಗಾಜಿನ ಗೋಡೆ. ಮೂರನೆಯ ಪ್ರಶ್ನೆ ಮೇಜುಗಳ ನಡುವೆ ಎಷ್ಟು ಅಂತರವಿದೆ ಎಂದು ಕೇಳಿತ್ತು. ಪರವಾಗಿಲ್ಲಮ್ಮ ಬಗ್ಗಿ ಗೇಣು ಹಾಕಿ ಅಳೆದರು. ಒಂಬತ್ತನೆಯದು ಕೈ ತೊಳೆಯುವ ಕೋಣೆಯನ್ನು ಊಟಕ್ಕೆ ಮೊದಲು, ನಡುವೆ, ನಂತರ ನೋಡಲು ಹೇಳಿತ್ತು. ಮೂರು ಸಲ ಹೋಗಿಬಂದರು. ಹನ್ನೆರಡನೆಯದರ ಪ್ರಕಾರ ಚಮಚ ಬೀಳಿಸಿ, ಬೇರೆ ಚಮಚ ಎಷ್ಟು ಹೊತ್ತಿಗೆ ಬರುತ್ತದೆಂದು ನೋಡಬೇಕು. ಬೀಳಿಸಿದರು, ಅಭ್ಯಾಸಬಲದಿಂದ ತಾವೇ ಎತ್ತಿಕೊಂಡರು, ಪಕ್ಕದ ಮೇಜಿನವರು ಬೀಳಿಸಿದ್ದನ್ನೂ ಎತ್ತಿ ಕೊಟ್ಟರು.

ಉಳಿದದ್ದು ಹದಿನೇಳನೆಯ ಪ್ರಶ್ನೆ. 'ಯಾವುದಾದರೂ ಒಂದು ದೂರು ಹೇಳಿ. ಸಿಬ್ಬಂದಿ ಏನು ಮಾಡಿದರು? ಎಷ್ಟು ನಿಮಿಷದಲ್ಲಿ?'

ಇಂಥ ಪ್ರಶ್ನೆಗೆ ಸೂಪಿನಲ್ಲಿ ಒಂದು ಗುಂಡಿ ಸಿಗುವುದೆಂದರೆ ಯಾವ ಗುಟ್ಟಿನ ಗಿರಾಕಿಗೂ ಕುಣಿದಾಡುವಂಥ ಅದೃಷ್ಟ. ನೀಲಿ ಬಣ್ಣದ, ನಾಲ್ಕು ತೂತಿನ ಅಂಗಿ ಗುಂಡಿ. ಪರವಾಗಿಲ್ಲಮ್ಮ ಕೈ ಎತ್ತಿ ವೇಟರನ್ನು ಕರೆದರು, ಗಂಟಲು ಸರಿಮಾಡಿಕೊಂಡರು, ತಲೆ ಎತ್ತಿ ನೋಡಿದರು. ಆತನಿಗೆ ಐವತ್ತು ದಾಟಿದ ವಯಸ್ಸು. ನೀಲಿ ಅಂಗಿಯಲ್ಲಿ ಮೇಲಿನಿಂದ ಎರಡನೆಯ ಗುಂಡಿ ಇರಲಿಲ್ಲ.

"ಹೇಳಿ ಮೇಡಂ, ಏನಾದ್ರೂ ತೊಂದ್ರೆ ಆಯ್ತಾ?"

"ತೊಂದ್ರೆ ಏನಿಲ್ಲ. ಇದು ನಿಮ್ದಲ್ವಾ?"

ಆತ ಗುಂಡಿಯನ್ನು ನೋಡಿದ. ಅಂಗಿಯನ್ನು ನೋಡಿಕೊಂಡ. ಮುಖ ಸಪ್ಪಗಾಯಿತು. "ಮ್ಯಾನೇಜರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು ಮೇಡಂ."

"ಗೊತ್ತಾಗೋದು ಯಾಕೆ. ನನ್ನ ಚೀಲದಲ್ಲಿ ಸೂಜಿ ದಾರ ಇದೆ. ಸ್ವಲ್ಪ ಬಗ್ಗಿ."

ಹೀಗೆ ಆತ ಬಗ್ಗಿ ನಿಂತು, ಪರವಾಗಿಲ್ಲಮ್ಮ ಆತನ ಎದೆಯ ಮೇಲೆ ಗುಂಡಿ ಹೊಲಿದು, ಕೊನೆಗೆ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದ ಹೊತ್ತಿಗೆ, ಗಾಜಿನ ಗೋಡೆಯ ಆಚೆ, ಕೈಯಲ್ಲಿ ಒಂದು ಮೀಟರ್ ಅಸ್ತರಿನ ಬಟ್ಟೆ ಹಿಡಿದುಕೊಂಡು ಟೈಲರಮ್ಮ ನಡೆದುಹೋಗುತ್ತಿದ್ದರು. ಆಮೇಲೆ ನಡೆಯಲಿಲ್ಲ. ನಿಂತುಬಿಟ್ಟರು.

ಅದೇ ಸಂಜೆ ಕಂಪನಿಯ ಮೇಲ್ವಿಚಾರಕಿಯ ಫೋನು ಬಂತು. ದನಿ ಕೇಳಿದರೆ ಇಪ್ಪತ್ತೈದರ ಹುಡುಗಿ.

"ಮೇಡಂ, ಹದಿನೇಳಕ್ಕೆ ನೀವು 'ಗುಂಡಿ ಹೊಲಿದುಕೊಟ್ಟೆ, ನಾಲ್ಕು ನಿಮಿಷ' ಅಂತ ಬರ್ದಿದ್ದೀರ."

"ಹೌದು. ಮೂರೂವರೆ ಇರ್ಬೇಕು, ನಾಲ್ಕು ಅಂತ ಹಾಕ್ದೆ."

"ಮೇಡಂ, ಅವರು ಏನು ಮಾಡಿದ್ರು ಅನ್ನೋದು ಪ್ರಶ್ನೆ."

"ಅವರು ಬಗ್ಗಿದ್ರು."

ಹುಡುಗಿ ಅದನ್ನೂ ಬರೆದುಕೊಂಡಳು. "ಇನ್ನೆರಡು ಊಟ ಇದೆ ಮೇಡಂ. ಒಂದಾದ್ರೂ ದೂರು ಹೇಳ್ಲೇಬೇಕು. ಇಲ್ಲಾಂದ್ರೆ ನಾನೇನೂ ಮಾಡಕ್ಕಾಗಲ್ಲ."

ಇತ್ತ ಔಷಧಿ ಅಂಗಡಿಯಲ್ಲಿ ಟೈಲರಮ್ಮ ಕೆಮ್ಮಿನ ಔಷಧಿ ಕೇಳುವ ನೆಪದಲ್ಲಿ ಬಂದು, ಕೆಮ್ಮದೆಯೇ ಎಲ್ಲವನ್ನೂ ಹೇಳಿ ಮುಗಿಸಿದ್ದರು. ಒಬ್ಬರೇ ಕೂತಿದ್ದು, ಗಳಿಗೆಗೊಮ್ಮೆ ಗಡಿಯಾರ ನೋಡಿದ್ದು, ಎಲ್ಲಕ್ಕೂ ಮಿಗಿಲಾಗಿ ವೇಟರನ ಎದೆಯ ಮೇಲೆ ಗುಂಡಿ.

"ನಾನಿರ್ಬೇಕಾದ್ರೆ ಹೊರಗಡೆ ಹೊಲಿಗೆ," ಎಂದರು ಟೈಲರಮ್ಮ. ಅವರ ನೋವು ಎಲ್ಲಿತ್ತೆಂಬುದು ಅದರಿಂದ ತಿಳಿಯುತ್ತಿತ್ತು.

ಔಷಧಿ ಅಂಗಡಿಯವರು ಮೆದು ಸ್ವಭಾವದವರು. ಮೂವತ್ತು ವರ್ಷ ಒಂದೇ ಪ್ರಶ್ನೆ ಕೇಳಿ ಕೇಳಿ ಅವರಿಗೆ ಬೇರೆ ಪ್ರಶ್ನೆ ಹೊಳೆಯುತ್ತಿರಲಿಲ್ಲ. "ಊಟಕ್ಕೆ ಮೊದಲೋ, ನಂತರವೋ?" ಎಂದರು.

"ನಡುವೆ," ಎಂದರು ಟೈಲರಮ್ಮ.

ಮನೆಗೆ ಬಂದು ಅವರು ಹೆಂಡತಿಯನ್ನು ಬಹಳ ಉಪಾಯವಾಗಿ ಕೇಳಿದರು: "ಮಧ್ಯಾಹ್ನ ಎಲ್ಲಿಗಾದ್ರೂ ಹೋಗಿದ್ಯಾ?"

ಪರವಾಗಿಲ್ಲಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬಾಯಿಗೆ ಬಂದದ್ದು ಬಾಯಿಯ ವಿಷಯವೇ. "ಹಲ್ಲಿನ ಡಾಕ್ಟರ ಹತ್ರ."

ಹಲ್ಲಿನ ಡಾಕ್ಟರು ದಿನಾ ಸಂಜೆ ಪತ್ರಿಕೆ ಓದುವುದು ಔಷಧಿ ಅಂಗಡಿಯ ಬೆಂಚಿನ ಮೇಲೆ. ಮರೆವಿನ ಮನುಷ್ಯ, ಆದರೆ ತನಗೆ ಮರೆವಿದೆ ಎಂಬುದನ್ನು ಯಾರೂ ಕಂಡುಹಿಡಿಯಬಾರದೆಂದು ಜಾಗರೂಕನಾಗಿದ್ದ ಮನುಷ್ಯ. "ನಮ್ಮನೆಯವಳು ನಿಮ್ಮ ಹತ್ರ ಬಂದಿದ್ಲಂತೆ" ಎಂದಾಗ ಅವರು ಬೆಚ್ಚಿದರು, ಕನ್ನಡಕ ತೆಗೆದು ಒರೆಸಿದರು, ಆಮೇಲೆ ತಗ್ಗಿದ ದನಿಯಲ್ಲಿ, "ಹೌದು. ಸ್ವಲ್ಪ ಸೂಕ್ಷ್ಮವಾದ ಕೇಸು. ಗಟ್ಟಿ ಪದಾರ್ಥ ಏನೂ ಕೊಡ್ಬೇಡಿ" ಎಂದರು.

ಅಂದಿನಿಂದ ಮನೆಯಲ್ಲಿ ಗಂಜಿ ಶುರುವಾಯಿತು. ಗಂಡ ತಾವೇ ಒಲೆಯ ಮುಂದೆ ನಿಂತು ತಿರುವುತ್ತಿದ್ದರು.

ಎರಡನೆಯ ಹೋಟೆಲಿನಲ್ಲಿ ಪರವಾಗಿಲ್ಲಮ್ಮ ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದರು. ಬ್ರೆಡ್ಡು ಕಲ್ಲಿನ ಹಾಗಿತ್ತು; ಮೇಜಿಗೆ ತಟ್ಟಿದರೆ ಬಾಗಿಲು ತಟ್ಟಿದ ಸದ್ದು ಬರುತ್ತಿತ್ತು. ಬಂದ ವೇಟರಮ್ಮನಿಗೆ, "ಈ ಬ್ರೆಡ್ಡು..." ಎಂದರು. ಆಕೆಯ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು ಇತ್ತು. "ಈ ಬ್ರೆಡ್ಡು ತುಂಬಾ... ಚೆನ್ನಾಗಿದೆ" ಎಂದು ಮುಗಿಸಿದರು. ಆಕೆ ನಕ್ಕು, ಇನ್ನೂ ಒಂದು ಬುಟ್ಟಿ ತಂದಿಟ್ಟಳು. ಅಷ್ಟನ್ನೂ ತಿನ್ನಬೇಕಾಯಿತು. ಗಾಜಿನಾಚೆ ಟೈಲರಮ್ಮ ಇದ್ದರು. ಈ ಸಲ ದಾರಿಯಲ್ಲಿ ಹೋಗುತ್ತಾ ಕಂಡದ್ದಲ್ಲ. ಮನೆಯಿಂದಲೇ ಬೆನ್ನಿಗೆ ಬಿದ್ದು ಬಂದದ್ದು.

"ಎರಡು ಬುಟ್ಟಿ," ಎಂದು ಟೈಲರಮ್ಮ ಅಂಗಡಿಯಲ್ಲಿ ವರದಿ ಒಪ್ಪಿಸಿದರು. "ಕಟಕಟ ಅಂತ."

ಔಷಧಿ ಅಂಗಡಿಯವರು ತಲೆ ಹಿಡಿದುಕೊಂಡರು. ಡಾಕ್ಟರ ಪ್ರಕಾರ ಗಟ್ಟಿ ಪದಾರ್ಥ ಕೂಡದು, ಟೈಲರಮ್ಮನ ಪ್ರಕಾರ ಕಟಕಟ. ಮನೆಯಲ್ಲಿ ಆ ಸಂಜೆ ತಟ್ಟೆ ಮುಂದಿಟ್ಟರೆ ಹೆಂಡತಿ, "ಹೊಟ್ಟೆ ತುಂಬಿದೆ, ಒಂದು ತುತ್ತೂ ಇಳಿಯಲ್ಲ" ಎಂದರು. ನಿಜವನ್ನೇ ಹೇಳಿದ್ದರು. ಸಂಸಾರದಲ್ಲಿ ಅತಿ ಹೆಚ್ಚು ಗೊಂದಲ ಎಬ್ಬಿಸುವುದು ಇಂಥ ನಿಜಗಳೇ.

ಅವರು ಅಕ್ಕನಿಗೆ ಫೋನು ಮಾಡಿದರು.

ದೊಡ್ಡ ನಾದಿನಿ ಮರುದಿನವೇ ಸೂಟ್‌ಕೇಸಿನೊಂದಿಗೆ ಇಳಿದರು. ಇಳಿಯುವಾಗಲೇ ಆಟೋದ ಸೀಟು, ರಸ್ತೆಯ ಗುಂಡಿ, ಮನೆಯ ಕರೆಗಂಟೆಯ ದನಿ, ಮೂರರ ಮೇಲೂ ಅಭಿಪ್ರಾಯ ಹೇಳಿ ಮುಗಿಸಿದ್ದರು. ಪರವಾಗಿಲ್ಲಮ್ಮ ಅಡುಗೆಮನೆಯಲ್ಲಿದ್ದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ಮನೇಲಿ ತಿನ್ನಲ್ಲ. ಹೊರಗಡೆ ಒಬ್ಳೇ ಹೋಗಿ ತಿಂತಾಳೆ. ಇದರ ಅರ್ಥ ಏನೋ?"

"ಅದೇ ಗೊತ್ತಾಗ್ತಿಲ್ಲ ಅಕ್ಕ."

"ನಿನ್ನ ಮುಖ ನೋಡ್ಕೊಂಡು ತಿಂದ್ರೆ ಅವಳಿಗೆ ಊಟ ಸೇರ್ತಿಲ್ಲ. ಅಷ್ಟೇ."

"ಇಪ್ಪತ್ತಾರು ವರ್ಷ ಸೇರಿತ್ತಲ್ಲಕ್ಕ."

"ಸೇರಿತ್ತು ಅಂತ ನೀನು ಅಂದ್ಕೊಂಡಿದ್ದೆ. ಕೇಳಿದ್ಯಾ ಯಾವತ್ತಾದ್ರೂ?"

ಔಷಧಿ ಅಂಗಡಿಯವರು ಕೇಳಿರಲಿಲ್ಲ. ಟೈಲರಮ್ಮ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತು, ಕುತ್ತಿಗೆಯ ಅಳತೆಪಟ್ಟಿಯನ್ನು ಗಂಭೀರವಾಗಿ ಸುತ್ತುತ್ತಿದ್ದರು. ಮೂವರೂ ಕೂಡಿ, ಮುಂದಿನ ಸಲ ಅವರು ಹೊರಟಾಗ ಹಿಂದೆಯೇ ಹೋಗಿ, ಯಾರೂ ಗುರುತು ಹಿಡಿಯದಂತೆ ಕೂತು, ನಿಜ ತಿಳಿದುಕೊಳ್ಳುವುದೆಂದು ತೀರ್ಮಾನವಾಯಿತು. ಗುರುತು ಸಿಗದಿರಲೆಂದು ದೊಡ್ಡ ನಾದಿನಿ ಹಳದಿ ಶಾಲನ್ನು ತಲೆಗೆ ಸುತ್ತಿಕೊಂಡರು. ಅರ್ಧ ಮೈಲಿಯಾಚೆಯಿಂದ ಕಾಣುವಷ್ಟು ಹಳದಿ.

ಗುರುವಾರ ಮೂರನೆಯ ಊಟ. ಅದು ದೊಡ್ಡ ಹೋಟೆಲು. ನಡುವೆ ಕಂಬಗಳು, ಬಿಳಿ ಮೇಜುವಸ್ತ್ರ, ಮಡಿಸಿಟ್ಟ ಕರವಸ್ತ್ರ. ಪರವಾಗಿಲ್ಲಮ್ಮ ಮೂಲೆಯ ಮೇಜಿನಲ್ಲಿ ಕೂತು ಸೂಪು ಹೇಳಿದರು. ತಾವು ಹೇಳಬೇಕಾದ ದೂರನ್ನು ಬೆಳಿಗ್ಗೆಯಿಂದ ಪಾತ್ರೆ ತೊಳೆಯುತ್ತ ಹನ್ನೊಂದು ಸಲ ಅಭ್ಯಾಸ ಮಾಡಿದ್ದರು. ಇವತ್ತು ಬಾಯಿ ಬಿಡದಿದ್ದರೆ ಕೆಲಸ ಹೋಯಿತು. ಗುಟ್ಟು ಹೊರಬಿದ್ದರೂ ಹೋಯಿತು.

ಅಷ್ಟರಲ್ಲಿ ಕಂಬದ ಹಿಂದೆ ಹಳದಿ ಕಂಡಿತು. ಹಳದಿಯ ಪಕ್ಕದಲ್ಲಿ, ತಲೆಕೆಳಗಾಗಿ ಹಿಡಿದ ಮೆನುವಿನ ಮೇಲೆ, ಗಂಡನ ಹಣೆ. ಅದರ ಪಕ್ಕದಲ್ಲಿ ಅಳತೆಪಟ್ಟಿ.

ಪರವಾಗಿಲ್ಲಮ್ಮ ಕರವಸ್ತ್ರವನ್ನು ಮುಖದವರೆಗೆ ಎತ್ತಿಕೊಂಡರು. ಇವರೆಲ್ಲ ಯಾಕೆ ಬಂದರು? ಕಂಪನಿಯೇ ತನ್ನನ್ನು ಪರೀಕ್ಷಿಸಲು ಇವರನ್ನು ಕಳಿಸಿತೇ? ನಾದಿನಿ ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ? ಹಾಗೆ ನೋಡಿದರೆ ಅವರಷ್ಟು ಅರ್ಹತೆ ಇನ್ಯಾರಿಗಿದೆ?

ಹೋಟೆಲಿನವರಿಗೂ ಸರಿಯಾಗಿ ಅದೇ ಅನ್ನಿಸಿತು. ಈ ವಾರ ಒಬ್ಬ ಗುಟ್ಟಿನ ಗಿರಾಕಿ ಬರುತ್ತಾರೆ, ಹೆಂಗಸು, ಐವತ್ತರ ಆಸುಪಾಸು ಎಂಬ ಸುಳಿವು ಮ್ಯಾನೇಜರಿಗೆ ಎಲ್ಲಿಂದಲೋ ಸಿಕ್ಕಿತ್ತು. ಈಗ ಕಂಬದ ಹಿಂದೆ ಕೂತ ಹಳದಿ ಶಾಲಿನ ಹೆಂಗಸು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಚಮಚವನ್ನು ಕರವಸ್ತ್ರದಿಂದ ಒರೆಸಿ ಮೂಸಿದರು. ಕಂಬಕ್ಕೆ ಬೆರಳು ಸವರಿ ಧೂಳು ನೋಡಿದರು. ಅವರಿಗೆ ಅದು ಪರಿಶೀಲನೆಯಲ್ಲ. ಎಲ್ಲಿ ಕೂತರೂ ಹಾಗೆಯೇ. ಆಮೇಲೆ ವೇಟರನನ್ನು ಹತ್ತಿರ ಕರೆದು, ದನಿ ತಗ್ಗಿಸಿ, "ನಿನ್ನ ಹೆಸರೇನಪ್ಪ? ಎಷ್ಟು ದಿನದಿಂದ ಇಲ್ಲಿದ್ದೀಯ? ಯಾರ್ಯಾರು ಬರ್ತಾರೆ ಇಲ್ಲಿ, ನಿಜ ಹೇಳು" ಎಂದು ಕೇಳಿ, ಅವನ ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡರು.

ವೇಟರ್ ಅಡುಗೆಮನೆಗೆ ಓಡಿದ. ಎರಡು ನಿಮಿಷದಲ್ಲಿ ಇಡೀ ಹೋಟೆಲು ಕಂಬದ ಹಿಂದೆ ನೆರೆಯಿತು. ಒಬ್ಬ ನೀರು ತಂದ, ಇನ್ನೊಬ್ಬ ಆ ನೀರನ್ನು ತೆಗೆದು ಬೇರೆ ನೀರು ತಂದ. ಮುಖ್ಯ ಅಡುಗೆಯವನು ಬಿಳಿ ಟೋಪಿಯೊಂದಿಗೆ ಬಂದು ಕೈಕಟ್ಟಿ ನಿಂತ. ಮ್ಯಾನೇಜರ್ ಖುದ್ದಾಗಿ ಮೇಜುವಸ್ತ್ರದ ಸುಕ್ಕು ಸರಿಪಡಿಸಿದ.

"ನಾವಿನ್ನೂ ಏನೂ ಹೇಳಿಲ್ವಲ್ಲ," ಎಂದರು ಔಷಧಿ ಅಂಗಡಿಯವರು, ಮುಂದೆ ಬಂದಿಳಿದ ಐದು ತಟ್ಟೆ ನೋಡಿ ಗಾಬರಿಯಾಗಿ.

"ನೀವು ಹೇಳೋದೇ ಬೇಡ ಸರ್," ಎಂದ ಮ್ಯಾನೇಜರ್, ಅರ್ಥಗರ್ಭಿತವಾಗಿ.

"ಸುಮ್ಮನಿರೋ," ಎಂದರು ಅಕ್ಕ ಮೆಲ್ಲಗೆ. "ಇಲ್ಲೂ ಅವಳ ಕಡೆಯವರಿದ್ದಾರೆ. ಬಾಯಿ ಮುಚ್ಚಿಸೋಕೆ ನೋಡ್ತಿದ್ದಾರೆ." ಹಾಗೆಂದು ಮೊದಲ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ರುಚಿ ನೋಡಿ, "ಉಪ್ಪು ಮುಂದು" ಎಂದರು. ತಟ್ಟೆ ಕ್ಷಣದಲ್ಲಿ ಮಾಯವಾಯಿತು. ಹೊಸದು ಬಂತು. ದೊಡ್ಡ ನಾದಿನಿಯ ಜೀವಮಾನದಲ್ಲಿ ಅವರ ಮಾತನ್ನು ಇಷ್ಟು ಬೇಗ ಯಾರೂ ನಡೆಸಿಕೊಟ್ಟಿರಲಿಲ್ಲ. ಅವರು ಬಂದ ಕೆಲಸವನ್ನೇ ಸ್ವಲ್ಪ ಹೊತ್ತು ಮರೆತರು.

ಮೂಲೆಯ ಮೇಜಿಗೆ ಸೂಪು ಬಂದಿದ್ದು ಇಪ್ಪತ್ತೆಂಟು ನಿಮಿಷದ ಮೇಲೆ. ತಂದವನು ನೋಡದೆಯೇ ಇಟ್ಟು ಕಂಬದ ಕಡೆಗೆ ಓಡಿದ. ಸೂಪು ತಣ್ಣಗಿತ್ತು, ಮೇಲೆ ಕೆನೆ ಹೆಪ್ಪುಗಟ್ಟಿ, ಚಮಚ ಇಟ್ಟರೆ ಹಾಗೇ ನಿಂತಿತು.

ಪರವಾಗಿಲ್ಲಮ್ಮ ಕೈ ಎತ್ತಿದರು. "ಸ್ವಲ್ಪ ಕೇಳಿ, ಈ ಸೂಪು ತಣ್ಣಗಿದೆ."

ಮಾತು ಬಾಯಿಂದ ಹೊರಬಿದ್ದೇಬಿಟ್ಟಿತು. ಅವರು ತಾವೇ ಸುತ್ತ ನೋಡಿದರು, ಹೇಳಿದ್ದು ಯಾರೆಂದು. ಯಾರೂ ತಿರುಗಲಿಲ್ಲ. ಗಡಿಯಾರ ನೋಡಿಕೊಂಡರು: ಒಂದು ನಲವತ್ತೆರಡು.

ಒಂದು ಐವತ್ತಕ್ಕೆ ಇನ್ನೊಮ್ಮೆ ಹೇಳಿದರು. ಐಸ್‌ಕ್ರೀಮ್ ಹಿಡಿದು ಓಡುತ್ತಿದ್ದ ವೇಟರ್, "ಒಂದ್ನಿಮಿಷ ಮೇಡಂ" ಎಂದು ಹಳದಿ ಶಾಲಿನತ್ತ ಓಡಿದ.

ಎರಡು ಗಂಟೆಗೆ ಪರವಾಗಿಲ್ಲಮ್ಮ ಎದ್ದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಮೇಜುಗಳ ನಡುವೆ ನಡೆದು, ನೇರ ಮ್ಯಾನೇಜರನ ಬೆನ್ನ ಹಿಂದೆ ಹೋಗಿ ನಿಂತರು. ಎದುರಿಗೆ ಗಂಡ, ನಾದಿನಿ, ಟೈಲರಮ್ಮ. ಮೂವರೂ ಏಕಕಾಲಕ್ಕೆ ಮೆನುಗಳನ್ನು ಮುಖಕ್ಕೆ ಹಿಡಿದರು.

"ನನ್ನ ಸೂಪು ತಣ್ಣಗಿದೆ," ಎಂದರು ಪರವಾಗಿಲ್ಲಮ್ಮ. "ಮೂರನೇ ಸಲ ಹೇಳ್ತಿದ್ದೀನಿ. ನನಗೆ ಬಿಸಿ ಸೂಪು ಬೇಕು."

ದನಿ ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಔಷಧಿ ಅಂಗಡಿಯವರ ಕೈಯಿಂದ ಮೆನು ಜಾರಿ ಪುಡಿಂಗಿನ ಮೇಲೆ ಬಿತ್ತು. ಹೆಂಡತಿಯ ಬಾಯಿಂದ 'ನನಗೆ ಬೇಕು' ಎಂಬ ಮಾತು ಅವರು ಕೇಳಿದ್ದು ಅದೇ ಮೊದಲು.

ಮ್ಯಾನೇಜರ್ ತಿರುಗಲಿಲ್ಲ. ಹಳದಿ ಶಾಲಿನ ಕಡೆಗೇ ಬಗ್ಗಿ, "ಕ್ಷಮಿಸಿ ಮೇಡಂ, ಈ ಹೆಂಗಸು ನಿಮಗೆ ತೊಂದ್ರೆ ಕೊಡ್ತಿದ್ದಾರಾ?" ಎಂದ.

ದೊಡ್ಡ ನಾದಿನಿ ಮೆನು ಕೆಳಗಿಟ್ಟರು. ತಮ್ಮನ ಹೆಂಡತಿಯ ಬಗ್ಗೆ ಅವರಿಗೆ ನೂರು ತಕರಾರು ಇದ್ದಿರಬಹುದು. ಆದರೆ ಆ ನೂರೂ ಅವರ ಸ್ವಂತದ್ದು, ಪರರಿಗೆ ಬಿಟ್ಟುಕೊಡುವಂಥದ್ದಲ್ಲ.

"ಹೆಂಗಸು ಅಂದ್ರೆ ಯಾರು? ನಮ್ಮನೆ ಸೊಸೆ ಅವಳು. ನಿನಗೆ ಕಿವಿ ಕೇಳಲ್ವಾ? ಸೂಪು ಬಿಸಿ ಇಲ್ವಂತೆ."

ಮ್ಯಾನೇಜರ್ ತಾನೇ ಅಡುಗೆಮನೆಗೆ ಓಡಿದ. ಮೂರು ನಿಮಿಷದಲ್ಲಿ ನಾಲ್ಕು ಬಟ್ಟಲು ಬಿಸಿ ಸೂಪು ಬಂತು. ಜೊತೆಗೆ ಒಂದು ಕುರ್ಚಿ. ಪರವಾಗಿಲ್ಲಮ್ಮ ಕೂತರು.

"ಈಗ ಹೇಳು," ಎಂದರು ನಾದಿನಿ. "ಮನೇಲಿ ಏನು ಕಮ್ಮಿಯಾಗಿದೆ ಅಂತ ಹೊರಗೆ ತಿಂತೀಯ?"

ಪರವಾಗಿಲ್ಲಮ್ಮನಿಗೆ ಗುಟ್ಟು ಹೇಳುವ ಹಾಗಿರಲಿಲ್ಲ. ಬೇಗ ಒಂದು ನೆಪ ಬೇಕಿತ್ತು. ಸಿಕ್ಕಿದ್ದನ್ನು ಹೇಳಿದರು.

"ಕೂತ್ಕೊಂಡು, ಬಿಸಿಬಿಸಿಯಾಗಿ ತಿನ್ನೋಣ ಅಂತ ಅತ್ತಿಗೆ. ಅಷ್ಟೇ."

ಟೈಲರಮ್ಮ ಅಳತೆಪಟ್ಟಿ ತೆಗೆದು ಚೀಲಕ್ಕೆ ಹಾಕಿಕೊಂಡರು. ಔಷಧಿ ಅಂಗಡಿಯವರು ಏನೋ ಕೇಳಬೇಕೆಂದು ಬಾಯಿ ತೆರೆದರು. ಊಟಕ್ಕೆ ಮೊದಲೋ ನಂತರವೋ ಎನ್ನುವುದನ್ನು ಬಿಟ್ಟು ಬೇರೇನೂ ಹೊಳೆಯಲಿಲ್ಲ, ಮುಚ್ಚಿದರು. ಕಡೆಗೆ ತಮ್ಮ ಬಟ್ಟಲಿನ ಪಕ್ಕದ ಬ್ರೆಡ್ಡನ್ನು ಹೆಂಡತಿಯ ಕಡೆ ಸರಿಸಿ, "ಇದು ಮೆತ್ತಗಿದೆ, ನೋವಾಗಲ್ಲ" ಎಂದರು. ಹಲ್ಲಿನ ಸುಳ್ಳನ್ನು ಮರೆತೇಬಿಟ್ಟಿದ್ದ ಪರವಾಗಿಲ್ಲಮ್ಮನಿಗೆ ಏನು ನೋವಾಗಲ್ಲವೆಂದು ತಿಳಿಯಲಿಲ್ಲ. ಆದರೂ ತಿಂದರು.

"ವಾರಕ್ಕೊಂದು ಸಲ ನಾನೇ ಬಂದು ಕರ್ಕೊಂಡು ಹೋಗ್ತೀನಿ," ಎಂದು ನಾದಿನಿ ಘೋಷಿಸಿದರು. "ಒಬ್ಬೊಬ್ಳೇ ಹೋಗೋದು ಬೇಡ. ನಿನಗೆ ಇವರನ್ನೆಲ್ಲ ಸಂಭಾಳಿಸೋಕೆ ಬರಲ್ಲ."

ಪರವಾಗಿಲ್ಲಮ್ಮ ಮನೆಗೆ ಬಂದು, ಇಷ್ಟು ರಾದ್ಧಾಂತವಾದ ಮೇಲೆ ಕೆಲಸ ಹೋಯಿತೆಂದೇ ತಿಳಿದು, ನಲವತ್ತೆರಡು ಪ್ರಶ್ನೆಗಳಿಗೂ ಉತ್ತರ ಬರೆದರು. ಹದಿನೇಳಕ್ಕೆ ಕೊಟ್ಟ ಜಾಗ ಸಾಲದೆ ಮತ್ತೆರಡು ಹಾಳೆ ಹಿಡಿಯಿತು.

ಸೋಮವಾರ ಮೇಲ್ವಿಚಾರಕಿ ಫೋನು ಮಾಡಿದಳು. ದನಿಯಲ್ಲಿ ಗೊಂದಲವಿತ್ತು.

"ಮೇಡಂ, ನೀವು ನಿಜವಾಗ್ಲೂ ಹೋಗಿದ್ರಾ?"

"ಬಿಲ್ ಕಳಿಸಿದ್ದೀನಲ್ಲ."

"ಬಿಲ್ ಇದೆ. ಆದ್ರೆ ಹೋಟೆಲಿನವರು ನಮಗೆ ಪತ್ರ ಬರ್ದಿದ್ದಾರೆ, ನಿಮ್ಮ ಗುಟ್ಟಿನ ಗಿರಾಕಿಯನ್ನ ನಾವು ಗುರುತು ಹಿಡಿದ್ವಿ ಅಂತ. ಹಳದಿ ಶಾಲು, ತುಂಬಾ ಕಟ್ಟುನಿಟ್ಟಿನ ಹೆಂಗಸು, ಜೊತೆಗೆ ಇಬ್ಬರು ಸಹಾಯಕರು. ಉಪ್ಪಿನಿಂದ ಹಿಡಿದು ಕಂಬದವರೆಗೂ ದೂರು ಹೇಳಿದ್ರಂತೆ. ನಿಮ್ಮ ಬಗ್ಗೆ ಒಂದೇ ಸಾಲು ಇದೆ: 'ಅವರ ಕಡೆಯವರು ಇನ್ನೊಬ್ಬರಿದ್ದರು.'"

ಪರವಾಗಿಲ್ಲಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

"ಮೇಡಂ, ಹೋಟೆಲಿನ ನಡುವೆ ನಿಂತು ಮೂರು ಸಲ ದೂರು ಹೇಳಿ, ಆದ್ರೂ ಯಾರ ಕಣ್ಣಿಗೂ ಬೀಳದೆ ಬಂದವರು ನಮ್ಮ ಕಂಪನೀಲಿ ಇದುವರೆಗೂ ಯಾರೂ ಇಲ್ಲ. ದೊಡ್ಡವರು ನಿಮ್ಮನ್ನ ಖಾಯಂ ಮಾಡಿ ಅಂದ್ರು."

ಸಂತೋಷಪಡಬೇಕೋ ಬೇಸರಪಡಬೇಕೋ ಪರವಾಗಿಲ್ಲಮ್ಮನಿಗೆ ಕೂಡಲೇ ತಿಳಿಯಲಿಲ್ಲ. ಎರಡನ್ನೂ ಅರ್ಧರ್ಧ ಪಟ್ಟರು.

"ಆ ಹಳದಿ ಶಾಲಿನವರು ಯಾರು ಮೇಡಂ? ಅವರಿಗೆ ನಿಮ್ಮ ಕೆಲಸದ ವಿಷಯ ಗೊತ್ತಿಲ್ಲ ತಾನೇ?"

"ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ನಾಜೂಕಾಗಿಬಿಡ್ತಾರೆ, ಆಮೇಲೆ ಉಪಯೋಗ ಇಲ್ಲ."

ಮುಂದಿನ ಹೋಟೆಲಿನ ವಿಳಾಸ ಬರೆದುಕೊಂಡು, ಪರವಾಗಿಲ್ಲಮ್ಮ ಅಡುಗೆಮನೆಯ ಬಾಗಿಲು ಹಾಕಿ ನಾದಿನಿಗೆ ಫೋನು ಮಾಡಿದರು.

"ಅತ್ತಿಗೆ, ಗುರುವಾರ ಮಧ್ಯಾಹ್ನ ಬಿಡುವಿದ್ಯಾ? ಒಂದು ಹೋಟೆಲು ಇದೆಯಂತೆ."

"ಬರ್ತೀನಿ. ಆದ್ರೆ ಮೊದಲೇ ಹೇಳ್ತೀನಿ ಕೇಳು. ಅಲ್ಲಿ ಏನೇ ಹೆಚ್ಚುಕಮ್ಮಿ ಇದ್ರೂ ಮಾತಾಡೋದು ನಾನು. ನೀನು ತೆಪ್ಪಗೆ ಕೂತಿರ್ಬೇಕು."

"ಆಗಲ್ಲ ಅತ್ತಿಗೆ," ಎಂದರು ಪರವಾಗಿಲ್ಲಮ್ಮ. "ಒಂದು ದೂರು ನನಗೆ ಬಿಡಿ. ಉಳಿದಿದ್ದೆಲ್ಲ ನಿಮ್ಮದೇ."